ವಸ್ತಿಕುಹರದ ತಳಸ್ನಾಯುಗಳೂ ಅವುಗಳ ವ್ಯಾಯಾಮವೂ

ವಸ್ತಿಕುಹರವೆಂದರೆ ಸೊಂಟದ ಮೂಳೆಗಳ ನಡುವಣ ಪೊಳ್ಳು. ಅದರ ತಳದಲ್ಲಿ, ಮುಂಗಡೆಯ ಮೂಳೆಯಿಂದ ಬೆನ್ನೆಲುಬಿನ ತುದಿಯವರೆಗೆ, ಜೋಲಿಯಂತೆ ಹಬ್ಬಿರುವ ಸ್ನಾಯುಸಮೂಹವೊಂದುಂಟು. ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಕೆಳಗಿನಿಂದ ಆತುಹಿಡಿಯುವುದೂ ಮಲಮೂತ್ರದ್ವಾರಗಳನ್ನು ಬಿಗಿಯುವುದೂ ಅದರ ಕೆಲಸ. ಪ್ರಸವಕಾಲದಲ್ಲಿ ಅದು ಬಹಳವಾಗಿ ಹಿಗ್ಗುತ್ತದೆ. ಕೆಲವೊಮ್ಮೆ ಹರಿಯುವುದೂ ಉಂಟು. ಆಮೇಲೆ ಕೆಮ್ಮಿದಾಗ, ಸೀನಿದಾಗ, ಭಾರವೆತ್ತಿದಾಗ ಉದರದ ಒತ್ತಡವೇರುತ್ತದೆ. ಸಡಿಲಗೊಂಡ ಸ್ನಾಯು ಅದನ್ನು ತಡೆಯಲಾರದೆ ಮೂತ್ರ ಸೋರುತ್ತದೆ.

ಶಿರೂರಿನಂತಹ ಕರಾವಳಿಯ ಊರುಗಳಲ್ಲಿ ಮೀನಿನ ಬುಟ್ಟಿ ಹೊರುವ, ಗದ್ದೆಯಲ್ಲಿ ನಟ್ಟಿ ಮಾಡುವ ಹೆಂಗಸರಿಗೆ ಇಂತಹ ಒತ್ತಡ ದಿನಚರಿಯ ಅಂಗವೇ ಆಗಿದೆ. ಹೆತ್ತವಳಿಗೆ ಇದು ಸಹಜವೆಂದು ನಾಚಿಕೆಯಿಂದ ಮುಚ್ಚಿಡುವುದು ರೂಢಿ. ಬಾಣಂತನದ ಎಣ್ಣೆನೀರು, ವಿಶ್ರಾಂತಿಗಳು ದೇಹಕ್ಕೆ ಹಿತವಾದರೂ ಈ ಸ್ನಾಯುವಿಗೆ ಬಲ ತರಲಾರವು. ಬಲ ಬರುವುದು ವ್ಯಾಯಾಮದಿಂದ.

ಇದನ್ನು 1948ರಲ್ಲಿ ಅಮೆರಿಕದ ಸ್ತ್ರೀರೋಗತಜ್ಞ ಆರ್ನಾಲ್ಡ್ ಕೆಗೆಲ್ ಅವರು ವೈದ್ಯಲೋಕದ ಗಮನಕ್ಕೆ ತಂದರು. ಕ್ರಮವಿಷ್ಟೆ: ಮೂತ್ರವನ್ನೂ ಅಪಾನವಾಯುವನ್ನೂ ತಡೆಯುವಂತೆ ಸ್ನಾಯುವನ್ನು ಮೇಲಕ್ಕೆ ಸೆಳೆದು, ಕೆಲವು ಕ್ಷಣ ಹಿಡಿದು, ಪೂರ್ಣವಾಗಿ ಸಡಿಲಿಸುವುದು. ಉಸಿರು ಕಟ್ಟಬಾರದು, ಕೆಳಕ್ಕೆ ತಿಣುಕಬಾರದು. ಒಂದಾವರ್ತಿಗೆ 8 ಸಲದಂತೆ ದಿನಕ್ಕೆ 3 ಆವರ್ತಿ, ಕಡಮೆಯೆಂದರೆ 3 ತಿಂಗಳು ನಡೆಸಬೇಕು. ಬುಟ್ಟಿಯನ್ನೆತ್ತುವ ಮುನ್ನ ಸ್ನಾಯುವನ್ನು ಬಿಗಿಹಿಡಿಯುವ ಅಭ್ಯಾಸವೂ ಸೋರಿಕೆಯನ್ನು ತಗ್ಗಿಸುತ್ತದೆ.

ತಪ್ಪು ಸ್ನಾಯುವನ್ನು ಬಿಗಿಯುವವರು ಹಲವರಾದುದರಿಂದ ಮೊದಲು ತಜ್ಞೆಯ ಪರೀಕ್ಷೆ ಅವಶ್ಯ. ಗರ್ಭಕೋಶ ಪೂರ್ತಿ ಜಾರಿದ್ದರೆ ವ್ಯಾಯಾಮವೊಂದೇ ಸಾಲದು. ಇದೇ ಉಡುಪಿ ಜಿಲ್ಲೆಯ ಮಣಿಪಾಲದಲ್ಲಿ ಫಿಸಿಯೋಥೆರಪಿಯ ಉನ್ನತ ಶಿಕ್ಷಣವಿದೆ. ಆ ವಿದ್ಯೆಯ ಫಲ ಶಿರೂರಿನ ಮನೆಗಳಿಗೂ ಮುಟ್ಟಬೇಕಾದರೆ, ಬಾಣಂತಿಯನ್ನು ಕಾಣಬರುವ ಆಶಾ ಕಾರ್ಯಕರ್ತೆಯು ‘ಕೆಮ್ಮಿದರೆ ಮೂತ್ರ ಸೋರುವುದೇ?’ ಎಂಬ ಪ್ರಶ್ನೆಯನ್ನೂ ಕೇಳುವಂತಾಗಬೇಕು.