ಮೊದಲು ಕಂಡವರು ಯಾರು?

ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೊರಟ ರೈಲು ಅರಸೀಕೆರೆ ದಾಟಿದ ಮೇಲೆ ಬಾಣಾವರ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ ಎಂದು ಒಂದೊಂದೇ ಊರನ್ನು ಮುಟ್ಟುತ್ತಾ ಹೋಗುತ್ತದೆ. ಬೀರೂರಿನಲ್ಲಿ ಕವಲೊಡೆದ ಇನ್ನೊಂದು ಹಳಿ ಅಜ್ಜಂಪುರದ ಕಡೆ ಹೊರಳಿ ಹುಬ್ಬಳ್ಳಿ ದಿಕ್ಕು ಹಿಡಿಯುತ್ತದೆ. ತೆಂಗು, ಅಡಿಕೆ, ರಾಗಿ, ಈರುಳ್ಳಿಯ ಸೀಮೆ ಇದು. ಈ ಹಳಿಯ ಮೇಲೆ ಬೆರಳಾಡಿಸಿದರೆ ಭಾರತ ಕ್ರಿಕೆಟ್ ತಂಡಕ್ಕೆ ಆಡಿದ ಮೂವರ ಹುಟ್ಟೂರು ಸಿಗುತ್ತದೆ. ಭದ್ರಾವತಿಯಲ್ಲಿ 1949ರಲ್ಲಿ ಗುಂಡಪ್ಪ ವಿಶ್ವನಾಥ್. ಅರಸೀಕೆರೆಯಲ್ಲಿ 1971ರ ಅಕ್ಟೋಬರ್ 16ರಂದು ವೇಗದ ಬೌಲರ್ ಡೇವಿಡ್ ಜಾನ್ಸನ್. ಅದೇ ತಿಂಗಳು, ಅದೇ ತಾರೀಖು, 1992ರಲ್ಲಿ ಕಡೂರಿನಲ್ಲಿ ವೇದಾ ಕೃಷ್ಣಮೂರ್ತಿ.

ವಿಶ್ವನಾಥ್ ಬೆಳೆದದ್ದು ಬೆಂಗಳೂರಿನಲ್ಲಿ. 1969ರಲ್ಲಿ ಕಾನ್ಪುರದ ಮೊದಲ ಟೆಸ್ಟಿನಲ್ಲೇ ಒಂದು ಇನಿಂಗ್ಸ್‌ನಲ್ಲಿ ಸೊನ್ನೆ, ಇನ್ನೊಂದರಲ್ಲಿ 137 ಹೊಡೆದ ಅವರ ಕತೆ ಎಲ್ಲರಿಗೂ ಗೊತ್ತು. ಜಾನ್ಸನ್ 1996ರಲ್ಲಿ ಎರಡು ಟೆಸ್ಟ್ ಆಡಿದರು. ನನಗೆ ಇಲ್ಲಿ ಹೇಳಬೇಕಿರುವುದು ಕಡೂರಿನ ಹುಡುಗಿಯ ಕತೆ. ಅವಳು ‘ಸಿಕ್ಕಿದ್ದು’ ಹೇಗೆ, ಅವಳನ್ನು ಮೊದಲು ಕಂಡವರು ಯಾರು ಎಂಬುದು.

ಕಾಣುವುದು ಎಂಬ ಕೆಲಸದಲ್ಲಿ ಜಗತ್ತಿಗೇ ಹೆಸರಾದ ಒಬ್ಬ ಮನುಷ್ಯನಿದ್ದ, ಅಮೆರಿಕದ ಬ್ರಾಂಚ್ ರಿಕಿ. 1881ರಲ್ಲಿ ಹುಟ್ಟಿದ ಈತ ಬೇಸ್‌ಬಾಲ್ ಆಟಗಾರ. ನಮ್ಮ ವಿಕೆಟ್ ಕೀಪರ್ ಇದ್ದಂತೆ ಅಲ್ಲಿ ಕ್ಯಾಚರ್. ರಿಕಿಯ ಜಾಗ ಅದು. 1907ರ ಒಂದು ಪಂದ್ಯದಲ್ಲಿ ತೋಳು ನೋವಿನಲ್ಲೇ ಆಡಿದಾಗ ಎದುರಾಳಿಗಳು ಅವನ ಕಣ್ಣೆದುರೇ ಹದಿಮೂರು ಬಾರಿ ಬೇಸ್ ಕದ್ದರು, ಎಂದರೆ ಅವನ ಎಸೆತ ಮುಟ್ಟುವ ಮೊದಲೇ ಮುಂದಿನ ಠಾಣೆಗೆ ಓಡಿದರು. ದೊಡ್ಡ ಆಟಗಾರನಾಗುವ ಆಸೆ ಹೆಚ್ಚುಕಮ್ಮಿ ಅಲ್ಲಿಗೆ ಮುಗಿಯಿತು. ಆಮೇಲೆ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಕಾನೂನು ಓದಲು ಸೇರಿ, ಓದುತ್ತಲೇ ಅಲ್ಲಿನ ಬೇಸ್‌ಬಾಲ್ ತಂಡದ ಕೋಚ್ ಆದ. ಆ ಮೈದಾನಕ್ಕೆ ಜಾರ್ಜ್ ಸಿಸ್ಲರ್ ಎಂಬ, ಎಂಜಿನಿಯರಿಂಗ್ ಓದಲು ಬಂದಿದ್ದ ಹುಡುಗ ಬಂದ. ಮೊದಲ ವರ್ಷದವರಿಗೆ ಕಾಲೇಜು ತಂಡದಲ್ಲಿ ಜಾಗವಿರಲಿಲ್ಲ. ಆದರೂ ಅವನ ಎಸೆತ, ಹೊಡೆತ ನೋಡಿದ ರಿಕಿ ಮುಂದೆ ಅವನನ್ನು ಕೈಬಿಡಲಿಲ್ಲ. 1920ರಲ್ಲಿ ಸಿಸ್ಲರ್ ಒಂದೇ ಸೀಸನ್‌ನಲ್ಲಿ 257 ಹಿಟ್ ಹೊಡೆದ. ಆ ದಾಖಲೆಯನ್ನು ಮುರಿಯಲು 2004ರಲ್ಲಿ ಜಪಾನಿನ ಇಚಿರೋ ಬರಬೇಕಾಯಿತು. ಕಪ್ಪು ಜನರನ್ನು ದೊಡ್ಡ ಲೀಗಿನಿಂದ ದೂರವಿಟ್ಟಿದ್ದ ಕಾಲದಲ್ಲಿ ಜಾಕಿ ರಾಬಿನ್ಸನ್‌ನನ್ನು ಆರಿಸಿ, 1947ರಲ್ಲಿ ಬ್ರೂಕ್ಲಿನ್ ತಂಡದಿಂದ ಆಡಿಸಿದವನೂ ಇದೇ ರಿಕಿ. ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರದ ಹರಾಜಿಗೆ ಬಂದ ರೈತರು ಹೋರಿಗರುವಿನ ಹೆಜ್ಜೆ, ಭುಜ, ಗೊರಸು ನೋಡಿಯೇ ಅದರ ಮುಂದಿನ ದುಡಿಮೆಯನ್ನು ಅಳೆದುಬಿಡುತ್ತಾರೆ. ಹುಡುಗರ ಓಟ, ತೋಳಿನ ಬಲ ನೋಡುವಾಗ ರಿಕಿಯ ಕಣ್ಣು ಅಂಥದ್ದಾಗಿತ್ತು.

ಆದರೆ ರಿಕಿಗೆ ಒಂದು ಅನುಕೂಲವಿತ್ತು. ಅವನು ಕೂತಲ್ಲಿಗೇ ಹುಡುಗರು ಬರುತ್ತಿದ್ದರು. ಕಾಲೇಜಿಗೊಂದು ತಂಡ, ತಂಡಕ್ಕೊಬ್ಬ ಕೋಚ್. ಆ ಕೋಚ್ ಬಹುಪಾಲು ತಾನೇ ಆಡಿ ದಣಿದವನು. ಆ ವ್ಯವಸ್ಥೆಯೇ ಒಂದು ಬಲೆ. ನಮ್ಮಲ್ಲಿ? ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಪದವಿ ಕಾಲೇಜುಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದವು. ವಿಶ್ವವಿದ್ಯಾಲಯಗಳ ನಡುವಿನ ಅಖಿಲ ಭಾರತ ಕೂಟಗಳಲ್ಲಿ ಬೇಸ್‌ಬಾಲೂ ಇದೆ, ಸಾಫ್ಟ್‌ಬಾಲೂ ಇದೆ. ಆದರೆ ಕ್ರಿಕೆಟ್ಟಿನಲ್ಲಿ ಒಂದು ಹುಡುಗಿ ದೇಶದ ತಂಡ ಸೇರಬೇಕಾದರೆ ಕಾಲೇಜಿಗೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಅವಳನ್ನು ಹನ್ನೆರಡು ಹದಿಮೂರರಲ್ಲೇ ಯಾರಾದರೂ ಕಾಣಬೇಕು. ಕಡೂರಿನಲ್ಲಿ ಯಾರು ಕಾಣಬೇಕು?

ಮನೆಯ ನಾಲ್ಕು ಮಕ್ಕಳಲ್ಲಿ ವೇದಾ ಕೊನೆಯವರು. ಮೂರು ವರ್ಷಕ್ಕೇ ಬೀದಿಯಲ್ಲಿ ಹುಡುಗರ ಜೊತೆ ಆಟಕ್ಕಿಳಿದರು. ಜೊತೆಗೆ ಕರಾಟೆ ತರಗತಿ. ಕರಾಟೆ ಅವರಿಗೆ ಹಿಡಿಸಲಿಲ್ಲ, ಆದರೂ ಬಿಡದೆ ಹನ್ನೆರಡಕ್ಕೆ ಬ್ಲ್ಯಾಕ್ ಬೆಲ್ಟ್ ಪಡೆದರು. ಇದನ್ನು ನಾನು ಬರೀ ಸ್ವಾರಸ್ಯದ ಸಂಗತಿ ಎಂದು ದಾಟಿಹೋಗಲಾರೆ. ಇಷ್ಟವಿಲ್ಲದ್ದನ್ನೂ ಕೊನೆಯ ಪಟ್ಟಿಯವರೆಗೆ ಮುಟ್ಟಿಸುವ ಹಟ, ಗಟ್ಟಿ ಕಾಲು, ಥಟ್ಟನೆ ತಿರುಗುವ ಸೊಂಟ: ಮುಂದೆ ಅವರು ಬೌಂಡರಿ ಗೆರೆಯ ಹತ್ತಿರ ಓಡಿ ಕ್ಯಾಚ್ ಹಿಡಿಯುವಾಗ, ಸ್ಪಿನ್ನರ್‌ಗಳಿಗೆ ಮುಂದೆ ನುಗ್ಗಿ ಹೊಡೆಯುವಾಗ ನನಗೆ ಕಂಡದ್ದು ಇವೇ.

2005ರಲ್ಲಿ, ಹದಿಮೂರರ ಹೊಸ್ತಿಲಲ್ಲಿ, ವೇದಾ ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್‌ಗೆ ಬಂದರು. ಅಲ್ಲಿನ ಕೋಚ್ ಇರ್ಫಾನ್ ಸೇಟ್ ಹುಡುಗಿಯಲ್ಲಿ ಆಟವಿದೆ ಎಂದು ಗುರುತಿಸಿದರು. ಪತ್ರಿಕೆಗಳು ಬರೆದ ಆವಿಷ್ಕಾರದ ಕತೆ ಸಾಮಾನ್ಯವಾಗಿ ಇಲ್ಲಿಂದ ಶುರುವಾಗುತ್ತದೆ. ಸೇಟ್ ಅವರ ಕಣ್ಣಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಆದರೆ ಆ ಕಣ್ಣಿನ ಮುಂದೆ ಹುಡುಗಿ ಬಂದು ನಿಲ್ಲಬೇಕಾದರೆ ಕಡೂರಿನಿಂದ ಸುಮಾರು 200 ಕಿಲೋಮೀಟರ್ ಆಚೆಗೆ ಮನೆಯವರು ಮನಸ್ಸು ಮಾಡಿ ಕಳಿಸಬೇಕಿತ್ತು. ಅಕ್ಕನ ಜೊತೆಗೆ ಬೆಂಗಳೂರಿನಲ್ಲಿ ಉಳಿದು ಓದು, ಆಟ ಎರಡನ್ನೂ ನಡೆಸುವುದು ಎಂದು ಮನೆಯಲ್ಲಿ ತೀರ್ಮಾನವಾಯಿತಲ್ಲ, ಆವಿಷ್ಕಾರ ನಡೆದದ್ದು ಆಗ ಎಂದೇ ನಾನು ನಂಬಿದ್ದೇನೆ.

ಆ ಕಾಲ ಎಂಥದ್ದೆಂದು ನೆನೆಯಬೇಕು. ಬಿಸಿಸಿಐ 2002ರಲ್ಲಿ ಸಣ್ಣ ಊರುಗಳ ಪ್ರತಿಭೆ ಹುಡುಕಲು ಹಳೆಯ ಆಟಗಾರರನ್ನು ದೇಶದ ಮೂಲೆಮೂಲೆಗೆ ಕಳಿಸುವ ಯೋಜನೆ ಮಾಡಿತ್ತು. ಬಂಗಾಳದ ಮಾಜಿ ಆಟಗಾರ ಪ್ರಕಾಶ್ ಪೋದ್ದಾರ್ ಅವರಂಥವರು ಮಹೇಂದ್ರ ಸಿಂಗ್ ಧೋನಿಯ ಹೆಸರು ಬರೆದು ಕಳಿಸಿದ್ದು ಆ ಯೋಜನೆಯಲ್ಲೇ. ಅದು ಹುಡುಗರಿಗೆ. ಹೆಣ್ಣುಮಕ್ಕಳ ಕ್ರಿಕೆಟ್ಟು ಆಗ ಬಿಸಿಸಿಐ ಅಡಿಯಲ್ಲೇ ಇರಲಿಲ್ಲ. 1973ರಲ್ಲಿ ಶುರುವಾದ ಮಹಿಳಾ ಕ್ರಿಕೆಟ್ ಸಂಸ್ಥೆ ಅದನ್ನು ನಡೆಸುತ್ತಿತ್ತು, ವಿಲೀನವಾದದ್ದು 2006ರಲ್ಲಿ. ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದ್ದು 1976ರ ಅಕ್ಟೋಬರ್ 31ರಿಂದ, ನಮ್ಮ ಬೆಂಗಳೂರಿನಲ್ಲೇ; ನಾಯಕಿ ನಮ್ಮವರೇ ಆದ ಶಾಂತಾ ರಂಗಸ್ವಾಮಿ. ಅಷ್ಟು ಹಳೆಯ ಪರಂಪರೆ ರಾಜಧಾನಿಯಲ್ಲಿದ್ದರೂ ಕಡೂರಿಗೋ ತರೀಕೆರೆಗೋ ಹುಡುಗಿಯನ್ನು ಹುಡುಕಿಕೊಂಡು ಬರುವ ಏರ್ಪಾಡು ಇರಲಿಲ್ಲ. ಹೀಗಾಗಿ ನಮ್ಮ ಬ್ರಾಂಚ್ ರಿಕಿ ಯಾರು ಎಂದು ಕೇಳಿದರೆ ನಾನು ಮೊದಲು ಆ ಮನೆಯ ಕಡೆ, ಅದರಲ್ಲೂ ಅಕ್ಕನ ಕಡೆ ಕೈ ತೋರಿಸುತ್ತೇನೆ.

ಉಳಿದದ್ದು ದಾಖಲೆಯಲ್ಲಿದೆ. 2011ರ ಜೂನ್ 30, ಇಂಗ್ಲೆಂಡಿನ ಡರ್ಬಿ, ಹದಿನೆಂಟರ ವೇದಾ ಮೊದಲ ಏಕದಿನ ಪಂದ್ಯದಲ್ಲೇ 51 ರನ್ ಹೊಡೆದರು. ಆರು ವರ್ಷದ ಮೇಲೆ ಅದೇ ಡರ್ಬಿಯಲ್ಲಿ ವಿಶ್ವಕಪ್. 2017ರ ಜುಲೈ 15. ನ್ಯೂಜಿಲೆಂಡ್ ಎದುರು ಗೆದ್ದರೆ ಸೆಮಿಫೈನಲ್, ಸೋತರೆ ಊರಿಗೆ. ಮಿಥಾಲಿ ರಾಜ್ ಒಂದು ತುದಿಯಲ್ಲಿ ಕಾಲೂರಿ ನಿಂತು 109 ಮಾಡಿದರು. ಇನ್ನೊಂದು ತುದಿಯಲ್ಲಿ ವೇದಾ 45 ಎಸೆತಕ್ಕೆ 70. ಒಟ್ಟು 265. ಉತ್ತರವಾಗಿ ನ್ಯೂಜಿಲೆಂಡ್ 79ಕ್ಕೆ ಕುಸಿಯಿತು. ಐದು ವಿಕೆಟ್ ಕಿತ್ತವರು ವಿಜಯಪುರದ ರಾಜೇಶ್ವರಿ ಗಾಯಕವಾಡ್. ಆ ದಿನ ಒಬ್ಬಳು ಕಡೂರಿನವಳು, ಒಬ್ಬಳು ವಿಜಯಪುರದವಳು, ಇಬ್ಬರೂ ಸೇರಿ ದೇಶವನ್ನು ಮುಂದಕ್ಕೆ ದಾಟಿಸಿದರು. ಇಂಥ ಇನ್ನೊಂದು ದಿನ ಕನ್ನಡನಾಡಿನ ಆಟದ ಚರಿತ್ರೆಯಲ್ಲಿ ನನಗೆ ಸುಲಭಕ್ಕೆ ನೆನಪಾಗುವುದಿಲ್ಲ.

ಫೈನಲ್ ಲಾರ್ಡ್ಸ್‌ನಲ್ಲಿ, ಜುಲೈ 23ಕ್ಕೆ. 229 ಗುರಿ. ಮೂರು ವಿಕೆಟ್ಟಿಗೆ 191 ಇದ್ದದ್ದು 219ಕ್ಕೆ ಮುಗಿದುಹೋಯಿತು. ಒಂಬತ್ತು ರನ್ನಿನ ಸೋಲು. ವೇದಾ 34 ಎಸೆತಕ್ಕೆ 35 ಮಾಡಿ ಔಟಾದಾಗ ಗೆಲುವು ಇನ್ನೂ ಕೈಯಳತೆಯಲ್ಲೇ ಇತ್ತು. ಆ ವಿಶ್ವಕಪ್ ತಂಡದ ಹದಿನೈದು ಮಂದಿಯಲ್ಲಿ ಹತ್ತು ಮಂದಿ ರೈಲ್ವೆ ನೌಕರರು, ವೇದಾ ಕೂಡ. ಕ್ರಿಕೆಟ್ ಮಂಡಳಿ ಹೆಣ್ಣುಮಕ್ಕಳಿಗೆ ಕಣ್ಣು ಬಿಡುವ ಮೊದಲೇ ಕೆಲಸ, ಸಂಬಳ, ಆಡಲು ಒಂದು ತಂಡ ಕೊಟ್ಟದ್ದು ರೈಲ್ವೆ ಎಂಬುದನ್ನು ಯಾರೂ ಮರೆಯಬಾರದು.

2020ರ ಮಾರ್ಚ್ 8ರಂದು ಮೆಲ್ಬರ್ನ್‌ನಲ್ಲಿ ನಡೆದ ಟಿ20 ವಿಶ್ವಕಪ್ ಫೈನಲ್‌ಗೆ 86,174 ಮಂದಿ ಸೇರಿದ್ದರು. ಆ ತಂಡದಲ್ಲೂ ವೇದಾ ಇದ್ದರು. ಮರುವರ್ಷ ಕೋವಿಡ್‌ನ ಎರಡನೇ ಅಲೆ ಕಡೂರಿನ ಆ ಮನೆಗೂ ನುಗ್ಗಿತು. ಎರಡು ವಾರದ ಅಂತರದಲ್ಲಿ ಮೊದಲು ತಾಯಿ, ಆಮೇಲೆ ಅಕ್ಕ. ವೇದಾ ಅವರನ್ನು ಮೊದಲು ಕಂಡಿದ್ದ ಕಣ್ಣುಗಳಲ್ಲಿ ಎರಡು ಜೊತೆ ಹೀಗೆ ಮುಚ್ಚಿದವು. ಅದಾದ ಮೇಲೆ ವೇದಾ ಭಾರತ ತಂಡದ ಪರ ಮತ್ತೆ ಆಡಲಿಲ್ಲ. 2024ರಲ್ಲಿ ಗುಜರಾತ್ ಜೈಂಟ್ಸ್ ಪರ ಮಹಿಳಾ ಪ್ರೀಮಿಯರ್ ಲೀಗ್ ಆಡಿದರು, ಕಾಮೆಂಟರಿ ಹೇಳಿದರು. 2025ರ ಜುಲೈನಲ್ಲಿ ನಿವೃತ್ತಿ ಹೇಳಿದರು. ಲೆಕ್ಕಕ್ಕೆ 48 ಏಕದಿನ ಪಂದ್ಯಗಳಲ್ಲಿ 829 ರನ್, 76 ಟಿ20ಗಳಲ್ಲಿ 875 ರನ್. ಅದೇ ವರ್ಷ ನವೆಂಬರ್ 2ರಂದು ನವಿ ಮುಂಬೈನಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ಭಾರತದ ಹೆಣ್ಣುಮಕ್ಕಳು ಮೊದಲ ಬಾರಿ ಏಕದಿನ ವಿಶ್ವಕಪ್ ಎತ್ತಿದರು.

ಈಗ ಶಿವಮೊಗ್ಗದ ನವುಲೆಯಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನವಿದೆ. ತರೀಕೆರೆಯ ಹುಡುಗಿಗೆ ಅದು ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಅಲ್ಲಿಗೆ ಹೋಗುವ ರೈಲೂ ಇದೆ. ಇನ್ನು ಆಗಬೇಕಾದದ್ದು ಶಾಲೆಯ ಪಿ.ಟಿ. ಮೇಷ್ಟ್ರು, ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ಹಿಂದೆ ಆಡಿ ಈಗ ಅಂಗಡಿಯಲ್ಲೋ ತೋಟದಲ್ಲೋ ಇರುವ ಹಳೆಯ ಆಟಗಾರರು ಸಂಜೆ ಹೊತ್ತು ಬೀದಿಯ ಆಟವನ್ನು ನಿಂತು ನೋಡಿ, ಚೆನ್ನಾಗಿ ಹೊಡೆದ ಹುಡುಗಿಯ ಹೆಸರು ಕೇಳಿ, ಅವಳ ಮನೆಗೆ ಹೋಗಿ ಒಂದು ಮಾತು ಹೇಳುವುದು.