ಮದ್ದಿಗೆ ಮಣಿಯದ ರೋಗಾಣುಗಳೂ ಮರದರಿಶಿನದ ಹಳದಿಯೂ

ಮೈಸೂರಿನಿಂದ ಮಂಡಕಳ್ಳಿಯನ್ನು ಹಾದು ನಂಜನಗೂಡು, ಗುಂಡ್ಲುಪೇಟೆ, ಚಾಮರಾಜನಗರಗಳ ಕಡೆಗೆ ಹಬ್ಬಿರುವ ಸೀಮೆಯು ಅರಿಶಿನದ ಬೆಳೆಗೆ ಹೆಸರಾದುದು. ಗಾಯಕ್ಕೆ ಅರಿಶಿನವನ್ನು ಮೆತ್ತುವುದೂ ಕೆಮ್ಮಿಗೆ ಮೆಣಸಿನ ಕಷಾಯವನ್ನು ಕುಡಿಸುವುದೂ ಇಲ್ಲಿನ ಮನೆಮನೆಯ ವಾಡಿಕೆ. ಈ ವಾಡಿಕೆಗೆ ಎಷ್ಟರಮಟ್ಟಿಗೆ ಆಧಾರವಿದೆ ಎಂಬ ಪ್ರಶ್ನೆಯನ್ನು ಇಂದು ವೈದ್ಯಲೋಕವೇ ಕೇಳತೊಡಗಿದೆ. ಇದಕ್ಕೆ ಕಾರಣವೇನೆಂದರೆ, ವೈದ್ಯರ ಕೈಯಲ್ಲಿರುವ ಪ್ರತಿಜೈವಿಕಗಳು ಒಂದೊಂದಾಗಿ ಮೊಂಡಾಗುತ್ತಿವೆ.

1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್, ಔಷಧಿಯನ್ನು ಅರೆಬರೆ ಪ್ರಮಾಣದಲ್ಲಿ ಸೇವಿಸಿದರೆ ರೋಗಾಣುಗಳು ಅದಕ್ಕೆ ಒಗ್ಗಿಕೊಳ್ಳುವುವೆಂದು 1945ರಲ್ಲಿಯೇ ಎಚ್ಚರಿಸಿದ್ದನು. ಪೆನಿಸಿಲಿನ್ನಿಗೆ ಜಗ್ಗದ ಸ್ಟ್ಯಾಫಿಲೊಕಾಕಸ್ ರೋಗಾಣುವಿಗಾಗಿ ಮೆತಿಸಿಲಿನ್ ಬಂದಿತು. 1961ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಅದಕ್ಕೂ ಜಗ್ಗದ ತಳಿ ಕಾಣಿಸಿಕೊಂಡಿತು. 2019ರ ಒಂದೇ ವರ್ಷದಲ್ಲಿ ಇಂತಹ ಪ್ರತಿರೋಧದ ನೇರ ಪರಿಣಾಮವಾಗಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಮಂದಿ ಮಡಿದರೆಂದು ಅಂದಾಜು ಮಾಡಲಾಗಿದೆ.

ರೋಗಾಣುಗಳ ಉಪಾಯಗಳು ಹಲವು. ಕೆಲವು ಔಷಧಿಯನ್ನೇ ಒಡೆದುಹಾಕುತ್ತವೆ. ಕೆಲವು ಔಷಧಿಯು ಅಂಟಬೇಕಾದ ಸ್ಥಾನವನ್ನು ಮಾರ್ಪಡಿಸಿಕೊಳ್ಳುತ್ತವೆ. ಇನ್ನು ಕೆಲವು, ದೋಣಿಯೊಳಗೆ ನುಗ್ಗಿದ ನೀರನ್ನು ಅಂಬಿಗನು ಮೊಗೆದು ಚೆಲ್ಲುವಂತೆ, ಒಳಬಂದ ಔಷಧಿಯನ್ನು ಹೊರಕ್ಕೆ ತಳ್ಳುತ್ತವೆ. ಜೀವಕೋಶದ ಪೊರೆಯಲ್ಲಿರುವ ಪಂಪುಗಳು ಈ ಕೆಲಸವನ್ನು ಮಾಡುತ್ತವೆ. ಸಸ್ಯರಸಾಯನದ ಸ್ವಾರಸ್ಯವಿರುವುದು ಈ ಪಂಪಿನ ಬಳಿಯಲ್ಲಿಯೇ.

ಗಿಡಕ್ಕೆ ಓಡಿಹೋಗಲು ಕಾಲಿಲ್ಲ; ಆದುದರಿಂದ ಅದು ತನ್ನ ತೊಗಟೆ, ಬೇರು, ಎಲೆಗಳಲ್ಲಿ ರಾಸಾಯನಿಕಗಳನ್ನು ಕೂಡಿಟ್ಟುಕೊಳ್ಳುತ್ತದೆ. ಆದರೆ ಅವುಗಳನ್ನು ಬೇರ್ಪಡಿಸಿ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದಾಗ ಬಹುಪಾಲು ದುರ್ಬಲವಾಗಿಯೇ ತೋರಿದುವು. ಹಾಗಾದರೆ ಗಿಡವು ತನ್ನನ್ನು ಕಾಪಾಡಿಕೊಳ್ಳುವುದು ಹೇಗೆ? 2000ದಲ್ಲಿ ಅಮೆರಿಕದ ಫ್ರಾಂಕ್ ಸ್ಟರ್ಮಿಟ್ಸ್, ಕಿಮ್ ಲೂಯಿಸ್ ಮತ್ತವರ ಸಂಗಡಿಗರು ಇದಕ್ಕೆ ಒಂದು ಸೊಗಸಾದ ಉತ್ತರವನ್ನು ಕಂಡರು. ಬರ್ಬೆರಿಸ್ ಜಾತಿಯ ಗಿಡಗಳಲ್ಲಿ ಬರ್ಬೆರಿನ್ ಎಂಬ ಹಳದಿ ವಸ್ತುವಿದೆ. ಅದು ಧನ ವಿದ್ಯುದಂಶವುಳ್ಳದ್ದಾದುದರಿಂದ ರೋಗಾಣುವಿನೊಳಗೆ ಸುಲಭವಾಗಿ ಸೇರುತ್ತದೆ. ಆದರೆ ಸ್ಟ್ಯಾಫಿಲೊಕಾಕಸ್‌ನ ನಾರ್-ಎ ಎಂಬ ಪಂಪು ಅದನ್ನು ಕೂಡಲೇ ಹೊರದೂಡುತ್ತದೆ. ಅದೇ ಗಿಡದಲ್ಲಿ ಮೆಥಾಕ್ಸಿಹಿಡ್ನೊಕಾರ್ಪಿನ್ ಎಂಬ ಇನ್ನೊಂದು ವಸ್ತುವುಂಟು. ತಾನಾಗಿ ಅದು ಒಂದು ರೋಗಾಣುವನ್ನೂ ಕೊಲ್ಲಲಾರದು. ಪಂಪನ್ನು ಮಾತ್ರ ತಡೆಯುತ್ತದೆ. ಎರಡೂ ಕೂಡಿದಾಗ ಬರ್ಬೆರಿನ್ ಒಳಗೆ ಉಳಿದು, ರೋಗಾಣು ಸಾಯುತ್ತದೆ. ಒಂದೊಂದು ಘಟಕವನ್ನು ಬಿಡಿಯಾಗಿ ಪರೀಕ್ಷಿಸಿ ‘ನಿಷ್ಪ್ರಯೋಜಕ’ವೆಂದು ಬದಿಗಿಟ್ಟವರು ಎಷ್ಟನ್ನು ಕಳೆದುಕೊಂಡಿರಬಹುದೋ!

ಈ ಎರಡನೆಯ ವಸ್ತುವಿನ ಹೆಸರಿನಲ್ಲಿಯೇ ನಮ್ಮ ಪಶ್ಚಿಮ ಘಟ್ಟದ ನಂಟು ಅಡಗಿದೆ. ಹಿಡ್ನೊಕಾರ್ಪಸ್ ಎಂದರೆ ನಮ್ಮವರು ಗರುಡಫಲವೆನ್ನುವ ಮರ. ಅದರ ಬೀಜದ ಎಣ್ಣೆಯೇ, 1940ರ ದಶಕದಲ್ಲಿ ಡ್ಯಾಪ್ಸೋನ್ ವರ್ಗದ ಔಷಧಿಗಳು ಬರುವ ತನಕ, ಕುಷ್ಠರೋಗಿಗಳಿಗೆ ಮುಖ್ಯ ಆಸರೆಯಾಗಿದ್ದ ಚಾಲ್ಮೋಗ್ರ ತೈಲ.

ಇಂತಹ ಗುಣವು ಬೇರೆ ಸಸ್ಯಗಳಲ್ಲಿಯೂ ಕಂಡುಬಂದಿದೆ. ಸರ್ಪಗಂಧದ ರಿಸರ್ಪಿನ್ ನಾರ್-ಎ ಪಂಪನ್ನು ತಡೆಯುತ್ತದೆ. ಕರಿಮೆಣಸಿನ ಪೈಪರಿನ್ ಕೂಡ ತಡೆಯುವುದೆಂದು ಜಮ್ಮುವಿನ ಸಂಶೋಧಕರು 2006ರಲ್ಲಿ ತೋರಿಸಿದರು. ಅರಿಶಿನದ ಕರ್ಕ್ಯುಮಿನ್‌ನ ಹಾದಿ ಬೇರೆ: ರೋಗಾಣುವು ಎರಡಾಗಿ ಸೀಳುವಾಗ ನಡುವೆ ಉಂಗುರವಾಗಿ ಕೂಡುವ ಪ್ರೋಟೀನನ್ನು ಅದು ಕದಡುತ್ತದೆ.

ಆದರೆ ಗಾಜಿನ ತಟ್ಟೆಯಲ್ಲಿ ಗೆದ್ದುದು ಮನುಷ್ಯನ ಮೈಯಲ್ಲಿಯೂ ಗೆಲ್ಲುವುದೆಂದು ಹೇಳಲಾಗದು. ಪಂಪನ್ನು ತಡೆಯಲು ಬೇಕಾಗುವಷ್ಟು ರಿಸರ್ಪಿನ್ ಮನುಷ್ಯನಿಗೆ ವಿಷವಾಗುತ್ತದೆ. ತಿಂದ ಕರ್ಕ್ಯುಮಿನ್‌ನಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಪಂಪನ್ನು ತಡೆಯುವ ಯಾವ ಸಸ್ಯವಸ್ತುವೂ ಪ್ರತಿಜೈವಿಕದ ಜೊತೆಗೂಡಿಸುವ ಔಷಧಿಯಾಗಿ ಇನ್ನೂ ಚಿಕಿತ್ಸೆಯಲ್ಲಿ ನೆಲೆಗೊಂಡಿಲ್ಲ. ಆದುದರಿಂದ ಆರು ತಿಂಗಳಾದರೂ ನುಂಗಬೇಕಾದ ಕ್ಷಯದ ಮಾತ್ರೆಗಳನ್ನು ನಡುವೆ ನಿಲ್ಲಿಸಿ ಕಷಾಯವನ್ನು ನಂಬಿದ ರೋಗಿಯು ಗುಣವಾಗುವುದಿಲ್ಲ. ಮದ್ದಿಗೆ ಮಣಿಯದ ತಳಿಯನ್ನು ತನ್ನ ಶ್ವಾಸಕೋಶದಲ್ಲಿ ಸಾಕಿ ಮನೆಮಂದಿಗೂ ಹಂಚುವ ಅಪಾಯವುಂಟು. ತಮ್ಮ ಶಿಷ್ಯರ ಮನೆಗಳನ್ನು ಬಲ್ಲ ಉಪಾಧ್ಯಾಯರು ಇದನ್ನು ತಿಳಿಹೇಳಬಲ್ಲರು.

ಇನ್ನೊಂದು ಸಂಗತಿ. ಬರ್ಬೆರಿನ್ ನಮ್ಮ ಘಟ್ಟದ ಮರದರಿಶಿನದಲ್ಲಿಯೂ ಹೇರಳವಾಗಿದೆ. ಅದು ಕಾಂಡವನ್ನು ಕಡಿದರೆ ಅಚ್ಚ ಹಳದಿ ತೋರುವ, ಮರಗಳನ್ನಪ್ಪಿ ಬೆಳೆಯುವ ಬಳ್ಳಿ. ಗಂಡು ಬೇರೆ, ಹೆಣ್ಣು ಬೇರೆ. ಬೆಳವಣಿಗೆ ಬಲು ನಿಧಾನ. ಔಷಧಿಗೆಂದು ಬುಡಸಮೇತ ಕಡಿದುದರಿಂದ ಅದೀಗ ಅಳಿವಿನ ಅಂಚಿಗೆ ಬಂದಿದೆ. ಹೆಣ್ಣುಬಳ್ಳಿಯ ಸಮೀಪದಲ್ಲಿ ಗಂಡುಬಳ್ಳಿ ಉಳಿಯದ ಕಾಡಿನಲ್ಲಿ ಕಾಯಿ ಕಟ್ಟುವುದಿಲ್ಲ.