ಕೆಲಸ ಬಲ್ಲವರನ್ನು ಅಳೆಯುವುದು ಹೇಗೆ?

ಕಂಪ್ಲಿಯ ನೆರೆಯ ಎಮ್ಮಿಗನೂರು ತುಂಗಭದ್ರೆಯ ಕಾಲುವೆಯ ನೀರುಂಡು ಭತ್ತ ಬೆಳೆಯುವ ಸೀಮೆಯ ಊರು. ಸುಗ್ಗಿಯ ದಿನಗಳಲ್ಲಿ ಇಂಥ ಊರಿನ ಕಣದ ಬಳಿ ನಿಂತರೆ ಒಂದು ನೋಟ ಕಣ್ಣಿಗೆ ಬೀಳುವುದುಂಟು. ಅನುಭವಸ್ಥರಾದ ಹಿರಿಯರೊಬ್ಬರು ರಾಶಿಯಿಂದ ನಾಲ್ಕು ಕಾಳು ತೆಗೆದು ಹಲ್ಲಿನಲ್ಲಿ ಕಡಿಯುತ್ತಾರೆ. ಕ್ಷಣಕಾಲ ಸುಮ್ಮನಿದ್ದು, “ಇನ್ನೊಂದು ಬಿಸಿಲು ಬೇಕು” ಎನ್ನುತ್ತಾರೆ. ಯಾರೂ ಎದುರಾಡುವುದಿಲ್ಲ. ಭತ್ತವನ್ನು ಮತ್ತೆ ಬಿಸಿಲಿಗೆ ಹರಡುತ್ತಾರೆ.

ಈ ಹಿರಿಯರ ಬಳಿ ಯಾವ ಪ್ರಮಾಣಪತ್ರವೂ ಇಲ್ಲ. ಆದರೂ ಅವರನ್ನು ಎಲ್ಲರೂ ನಂಬುತ್ತಾರೆ. ಅದೇ ಊರಿನ ತರುಣನೊಬ್ಬ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಸಂಡೂರಿನ ಗಣಿಯಲ್ಲೋ ಕೆಲಸ ಕಲಿಯಲು ಹೋದನೆಂದು ಭಾವಿಸೋಣ. ತರಬೇತಿ ಮುಗಿದೊಡನೆ ಅವನ ಕೈಗೆ ಪ್ರಮಾಣಪತ್ರ ಬರುತ್ತದೆ. ಅದು ಹೇಳುವುದನ್ನು ಯಾವ ಆಧಾರದಿಂದ ನಂಬಬೇಕು? ಹಿರಿಯರ ಅಂದಾಜು ತಪ್ಪಿದರೆ ಒಂದು ರಾಶಿ ಭತ್ತ ಮುಗ್ಗೀತು; ತರುಣನ ಕೆಲಸ ತಪ್ಪಿದರೆ ಪ್ರಾಣವೇ ಹೋದೀತು.

ಕೌಶಲದ ಪರೀಕ್ಷೆಯೂ ಒಂದು ಮಾಪನವೇ ಸರಿ. ಉದ್ದ, ತೂಕ, ಕಾಲಗಳನ್ನು ಅಳೆಯುವಾಗ ಭೌತವಿಜ್ಞಾನವು ಯಾವ ಎಚ್ಚರಗಳನ್ನು ಕಲಿಸಿದೆಯೋ ಅವೇ ಎಚ್ಚರಗಳು ಇಲ್ಲಿಯೂ ಬೇಕಾಗುತ್ತವೆ. ಅವುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಅಳೆದದ್ದು ಏನನ್ನು?

ಮೊದಲು ನಮ್ಮ ಮನೆಯ ಹುಳುಕನ್ನೇ ನೋಡಿಕೊಳ್ಳುವುದು ಲೇಸು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಲೋಲಕವನ್ನು ತೂಗಾಡಿಸಿ ಗುರುತ್ವದ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗ ವಾಚಕರಿಗೆ ಪರಿಚಿತವಷ್ಟೆ. ಒಬ್ಬ ವಿದ್ಯಾರ್ಥಿ ಪುಸ್ತಕದಲ್ಲಿರುವ 981 ಎಂಬ ಬೆಲೆಯನ್ನು ಕರಾರುವಾಕ್ಕಾಗಿ ತಂದೊಪ್ಪಿಸುತ್ತಾನೆ. ಇನ್ನೊಬ್ಬನಿಗೆ 966 ಬರುತ್ತದೆ. ಪರೀಕ್ಷಕನು ಉತ್ತರವನ್ನು ಮಾತ್ರ ನೋಡಿದರೆ ಮೊದಲನೆಯವನೇ ಜಾಣ. ಆದರೆ ಬಳ್ಳಾರಿ ಸೀಮೆಯ ಅಕ್ಷಾಂಶದಲ್ಲಿ ಈ ರಾಶಿಯ ನಿಜವಾದ ಬೆಲೆ ಸೆಕೆಂಡಿನ ವರ್ಗಕ್ಕೆ ಸುಮಾರು 978 ಸೆಂಟಿಮೀಟರು! 981ನ್ನು ತಂದವನು ಬಹುಶಃ ಲೋಲಕವನ್ನಲ್ಲ, ಪುಸ್ತಕವನ್ನು ಅಳೆದಿದ್ದಾನೆ. 966 ತಂದವನ ದಾಖಲೆಯಲ್ಲಿ ಪ್ರಾಮಾಣಿಕವಾದ ಓದಿಕೆಗಳೂ, ತಿದ್ದಬಹುದಾದ ಒಂದು ತಪ್ಪೂ ಇರಬಹುದು.

ನಾವು ಅಳೆಯಬಯಸಿದ್ದು ಪ್ರಯೋಗದ ನೈಪುಣ್ಯವನ್ನು, ಅಳೆದದ್ದು ಜ್ಞಾಪಕಶಕ್ತಿಯನ್ನು. ಪರೀಕ್ಷೆಯು ತಾನು ಅಳೆಯಬೇಕಾದುದನ್ನೇ ಅಳೆಯುವ ಗುಣಕ್ಕೆ ‘ಸಿಂಧುತ್ವ’ವೆಂದು ಹೆಸರು. ಕಾರ್ಖಾನೆಯ ಸುರಕ್ಷತೆಯ ಬಗ್ಗೆ ಹತ್ತು ಪ್ರಶ್ನೆಗಳನ್ನು ಕೇಳಿ ಅಂಕ ಹಾಕಿದರೆ ತಿಳಿವಳಿಕೆ ಅಳತೆಗೆ ಸಿಕ್ಕೀತು, ಕೈಕೆಲಸ ಸಿಕ್ಕದು. ಈಜಿನ ಮೇಲೆ ಪ್ರಬಂಧ ಬರೆದವನನ್ನು ಹೊಳೆಗೆ ಇಳಿಸಲಾದೀತೆ?

ಬೆಸುಗೆಯೇ ಹೇಳುವ ಸಾಕ್ಷ್ಯ

ಮಾಡಿದ ವಸ್ತುವನ್ನೇ ಪರೀಕ್ಷಿಸುವುದು ಇದಕ್ಕೆ ಒಂದು ಪರಿಹಾರ. ವೆಲ್ಡಿಂಗ್ ಎಂದು ಎಲ್ಲರೂ ಕರೆಯುವ ಬೆಸುಗೆಯ ಕೆಲಸದಲ್ಲಿ ಈ ಕ್ರಮ ಬಹು ಚೆನ್ನಾಗಿ ಬೆಳೆದುಬಂದಿದೆ. ಅಭ್ಯರ್ಥಿಗೆ ಅಂಚು ಓರೆ ಮಾಡಿದ ಎರಡು ಉಕ್ಕಿನ ಫಲಕಗಳನ್ನು ಕೊಟ್ಟು ಬೆಸೆಯಲು ಹೇಳುತ್ತಾರೆ. ಬೆಸುಗೆಯು ಮೇಲುನೋಟಕ್ಕೆ ಅಂದವಾಗಿದ್ದರೆ ಸಾಲದು. ಅಡ್ಡವಾಗಿ ಪಟ್ಟಿಗಳನ್ನು ಕತ್ತರಿಸಿ, ಬೆಸುಗೆ ಮಧ್ಯಕ್ಕೆ ಬರುವಂತೆ ಇಟ್ಟು, ಪಟ್ಟಿಯ ಎರಡು ತುದಿಗಳು ಸಮಾಂತರವಾಗುವವರೆಗೆ, ಎಂದರೆ 180 ಡಿಗ್ರಿ, ಬಗ್ಗಿಸುತ್ತಾರೆ.

ಇದರ ಹಿಂದಿನ ಭೌತವಿಜ್ಞಾನ ಸರಳ. ಪಟ್ಟಿಯನ್ನು ಬಗ್ಗಿಸಿದಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ. 10 ಮಿಲಿಮೀಟರು ದಪ್ಪದ ಪಟ್ಟಿಯನ್ನು 40 ಮಿಲಿಮೀಟರು ವ್ಯಾಸದ ಉರುಳೆಯ ಸುತ್ತ ಬಗ್ಗಿಸಿದರೆ ಹೊರಮೈ ನೂರಕ್ಕೆ ಸುಮಾರು 20 ಪಾಲು ಹಿಗ್ಗಬೇಕಾಗುತ್ತದೆ. ಲೋಹ ಸರಿಯಾಗಿ ಕೂಡಿಕೊಳ್ಳದ ಕಡೆ, ಕಿಟ್ಟ ಸಿಕ್ಕಿಕೊಂಡ ಕಡೆ, ಗಾಳಿಗುಳ್ಳೆ ಉಳಿದ ಕಡೆ ಬಾಯಿಬಿಡುತ್ತದೆ. ಅಮೆರಿಕದ ಯಂತ್ರಶಿಲ್ಪಿಗಳ ಸಂಘವು ಪ್ರಕಟಿಸಿದ ಸಂಹಿತೆಯ ಪ್ರಕಾರ 3 ಮಿಲಿಮೀಟರು ಮೀರಿದ ಬಿರುಕು ಕಂಡರೆ ಪಟ್ಟಿ ತೇರ್ಗಡೆಯಾಗದು. ಬಗ್ಗಿಸುವುದರ ಬದಲು ಎಕ್ಸ್-ಕಿರಣದ ಚಿತ್ರ ತೆಗೆದು ಒಳಗಿನ ದೋಷವನ್ನು ನೋಡುವುದೂ ಉಂಟು.

ಇಲ್ಲಿ ಇನ್ನೊಂದು ವಿವೇಕವಿದೆ. ಫಲಕವನ್ನು ಮೇಜಿನ ಮೇಲೆ ಮಲಗಿಸಿ ಬೆಸೆದು ಗೆದ್ದವನಿಗೆ ತಲೆಯ ಮೇಲಿನ ಜೋಡಣೆಯನ್ನು ಬೆಸೆಯುವ ಅನುಮತಿ ದೊರೆಯುವುದಿಲ್ಲ. ಕರಗಿದ ಲೋಹವನ್ನು ಒಂದು ಕಡೆ ಗುರುತ್ವವು ಜಾಗದಲ್ಲಿ ಕೂರಿಸುತ್ತದೆ, ಇನ್ನೊಂದು ಕಡೆ ಕೆಳಕ್ಕೆಳೆಯುತ್ತದೆ. ಕೈ ಒಂದೇ ಆದರೂ ಕೌಶಲ ಬೇರೆ. ಆದುದರಿಂದ ‘ಇವನು ಬೆಸುಗೆ ಬಲ್ಲ’ ಎಂಬುದು ಅರ್ಧವಾಕ್ಯ. ಯಾವ ಸ್ಥಿತಿಯಲ್ಲಿ, ಯಾವ ವಿಧಾನದಿಂದ, ಎಷ್ಟು ದಪ್ಪದ ಲೋಹವನ್ನು ಎಂದು ಸೇರಿಸಿದಾಗಲೇ ಅದು ಪೂರ್ಣವಾಗುತ್ತದೆ.

ಅಳೆಯುವವರ ದೋಷ

ಎಲ್ಲ ಕೆಲಸವೂ ಬಗ್ಗಿಸಿ ನೋಡಬಹುದಾದ ಪಟ್ಟಿಯನ್ನು ಬಿಟ್ಟುಹೋಗುವುದಿಲ್ಲ. ಕ್ರೇನು ನಡೆಸುವವನ ಜಾಗರೂಕತೆಯನ್ನು ಒಬ್ಬ ಮೇಲ್ವಿಚಾರಕನು ಕಣ್ಣಿನಿಂದಲೇ ನೋಡಿ ನಿರ್ಣಯಿಸಬೇಕು. ಆಗ ಅಳತೆಗೋಲು ಮನುಷ್ಯನೇ ಆಗುತ್ತಾನೆ, ಅವನಲ್ಲಿಯೂ ದೋಷಗಳಿರುತ್ತವೆ.

1920ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಒಂದು ಕುತೂಹಲದ ಸಂಗತಿಯನ್ನು ಪ್ರಕಟಿಸಿದನು. ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ಶೀಲ ಇವುಗಳಿಗೆ ಬೇರೆ ಬೇರೆಯಾಗಿ ಅಂಕ ಹಾಕಿದ್ದರು. ಆದರೆ ಆ ಅಂಕಗಳು ನಂಬಲಾಗದಷ್ಟು ಒಂದಕ್ಕೊಂದು ಹೊಂದಿಕೊಂಡಿದ್ದವು. ಮೈಕಟ್ಟು ಚೆನ್ನಾಗಿದ್ದವನು ಅಧಿಕಾರಿಯ ಕಣ್ಣಿಗೆ ಬುದ್ಧಿವಂತನಾಗಿಯೂ ಕಂಡಿದ್ದನು. ವಿಗ್ರಹದ ಹಿಂದಿನ ಪ್ರಭಾವಳಿಯಂತೆ ಒಂದು ಗುಣದ ಹೊಳಪು ಉಳಿದ ಗುಣಗಳ ಮೇಲೆಯೂ ಹರಡುತ್ತದೆ. ಥಾರ್ನ್‌ಡೈಕನು ಇದನ್ನು ‘ಸ್ಥಿರ ದೋಷ’ವೆಂದೇ ಕರೆದನು. ಭೌತವಿಜ್ಞಾನದ ವಿದ್ಯಾರ್ಥಿಗೆ ಈ ಮಾತು ಹೊಸದಲ್ಲ. ಯಾದೃಚ್ಛಿಕ ದೋಷವು ಅನೇಕ ಓದಿಕೆಗಳ ಸರಾಸರಿಯಲ್ಲಿ ತಗ್ಗುತ್ತದೆ. ಸ್ಥಿರ ದೋಷವಾದರೋ, ತುದಿ ಸವೆದ ಅಳತೆಗೋಲಿನಿಂದ ನೂರು ಸಲ ಅಳೆದರೂ ಹೋಗದು. ಪರೀಕ್ಷಾ ಫಲಕಗಳ ಮೇಲೆ ಹೆಸರಿನ ಬದಲು ಸಂಖ್ಯೆ ಬರೆಯುವುದು, ಒಂದೊಂದು ಹೆಜ್ಜೆಗೂ ‘ಮಾಡಿದನು’, ‘ಮಾಡಲಿಲ್ಲ’ ಎಂದು ಗುರುತು ಹಾಕುವ ಪಟ್ಟಿಯನ್ನಿಡುವುದು, ಇವು ಅದನ್ನು ತಡೆಯುವ ಉಪಾಯಗಳು.

ಇಬ್ಬರು ಪರೀಕ್ಷಕರನ್ನು ನೇಮಿಸಿದರಾಯಿತೆ? ಇಲ್ಲಿಯೂ ಒಂದು ಮೋಸವಿದೆ. 20 ಜನ ಅಭ್ಯರ್ಥಿಗಳನ್ನು ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿದರೆಂದು ಊಹಿಸೋಣ. 14 ಜನರನ್ನು ಇಬ್ಬರೂ ಉತ್ತೀರ್ಣರೆಂದರು. ಇಬ್ಬರನ್ನು ಇಬ್ಬರೂ ಅನುತ್ತೀರ್ಣರೆಂದರು. ಉಳಿದ ನಾಲ್ವರಲ್ಲಿ ಇಬ್ಬರು ಮೊದಲನೆಯ ಪರೀಕ್ಷಕನಲ್ಲಿ ಮಾತ್ರ, ಇಬ್ಬರು ಎರಡನೆಯವನಲ್ಲಿ ಮಾತ್ರ ಗೆದ್ದರು. 20ರಲ್ಲಿ 16 ಕಡೆ ಒಮ್ಮತ, ಅಂದರೆ ನೂರಕ್ಕೆ 80. ಭೇಷ್ ಎನಿಸುತ್ತದೆ! ಆದರೆ ಪ್ರತಿಯೊಬ್ಬ ಪರೀಕ್ಷಕನೂ ನೂರಕ್ಕೆ 80 ಮಂದಿಯನ್ನು ಉತ್ತೀರ್ಣಗೊಳಿಸಿದ್ದಾನೆ. ಇಬ್ಬರೂ ಕಣ್ಣು ಮುಚ್ಚಿಕೊಂಡು ಅದೇ ಪ್ರಮಾಣದಲ್ಲಿ ಅಂಕ ಹಾಕಿದ್ದರೂ ಕೇವಲ ಆಕಸ್ಮಿಕವಾಗಿ 0.8 × 0.8 + 0.2 × 0.2 = 0.68, ಅಂದರೆ ನೂರಕ್ಕೆ 68 ಒಮ್ಮತ ಬರುತ್ತಿತ್ತು. ಆಕಸ್ಮಿಕವನ್ನು ಮೀರಿ ದೊರೆಯಬಹುದಾಗಿದ್ದುದು 32, ದೊರೆತದ್ದು 12. ಇವುಗಳ ಪ್ರಮಾಣ 0.375. ಜೇಕಬ್ ಕೋಹೆನ್ 1960ರಲ್ಲಿ ಸೂಚಿಸಿದ ಈ ಸಂಖ್ಯೆಗೆ ‘ಕಪ್ಪಾ’ ಎಂದು ಹೆಸರು. ಪೂರ್ಣ ಒಮ್ಮತವಿದ್ದರೆ ಅದು 1. ಬರಿಯ ಆಕಸ್ಮಿಕವಾದರೆ ಸೊನ್ನೆ. ನೂರಕ್ಕೆ 80ರ ಒಮ್ಮತವೂ ಅಷ್ಟೇನೂ ಗಟ್ಟಿಯಲ್ಲವೆಂದು ಆಗ ತಿಳಿಯುತ್ತದೆ.

ಮಾಡಿಸಿ ನೋಡಲಾಗದ ಪರೀಕ್ಷೆ

ಸಂಡೂರಿನ ಬೆಟ್ಟಗಳ ಕಬ್ಬಿಣದ ಅದಿರಿಗೆ ಈ ಚರ್ಚೆಯಲ್ಲಿ ವಿಶೇಷ ಸ್ಥಾನವಿದೆ. ಅದಿರಿನ ಬಂಡೆಯಲ್ಲಿ ಕುಳಿ ಕೊರೆದು, ಮದ್ದು ತುಂಬಿ ಸಿಡಿಸುವವನ ಸಾಮರ್ಥ್ಯವನ್ನು ಅರಿಯುವುದು ಹೇಗೆ? ತುಂಬಿದ ಮದ್ದು ಸಿಡಿಯದೆ ಕುಳಿಯಲ್ಲೇ ಉಳಿಯುವುದುಂಟು. ಅಂಥ ಕುಳಿಯನ್ನು ಅವನು ಹೇಗೆ ನಿರ್ವಹಿಸುತ್ತಾನೆಂದು ನೋಡುವುದಕ್ಕಾಗಿ ನಿಜವಾದ ಅಪಾಯವನ್ನು ಸೃಷ್ಟಿಸುವಂತಿಲ್ಲ.

ಈ ಕಾರಣದಿಂದಲೇ ಇಂಥ ಉದ್ಯೋಗಗಳಲ್ಲಿ ಕಾನೂನು ಹಲವು ಮೆಟ್ಟಿಲುಗಳನ್ನು ಕಟ್ಟಿತು. 1952ರ ಗಣಿ ಕಾಯಿದೆಯ ಅಡಿಯಲ್ಲಿ 1961ರಲ್ಲಿ ಬಂದ ಲೋಹಗಣಿಗಳ ನಿಯಮಾವಳಿಯು ಸಿಡಿಮದ್ದಿನ ಕೆಲಸಗಾರನಿಗೆ ಸಾಮರ್ಥ್ಯದ ಪ್ರಮಾಣಪತ್ರವನ್ನು ವಿಧಿಸಿತು. 1966ರ ಗಣಿ ವೃತ್ತಿ ತರಬೇತಿ ನಿಯಮಗಳು ಹೊಸಬರಿಗೆ ಆರಂಭದ ತರಬೇತಿಯನ್ನೂ ಹಳಬರಿಗೆ ಪುನರಭ್ಯಾಸವನ್ನೂ ಕಡ್ಡಾಯ ಮಾಡಿದವು. ಅನುಭವಸ್ಥನ ಕೈಕೆಳಗೆ ದುಡಿದ ಕಾಲ, ಎದುರು ಕುಳಿತು ಕೊಡುವ ಉತ್ತರ, ಮದ್ದಿಲ್ಲದ ಕುಳಿಯ ಮೇಲೆ ಮಾಡಿ ತೋರಿಸುವ ಕ್ರಮ, ಇವುಗಳಲ್ಲಿ ಯಾವುದೊಂದೂ ತಾನೇ ಸಾಲದು. ದೂರದ ನಕ್ಷತ್ರದ ಉಷ್ಣತೆಯನ್ನು ಅದರ ಬೆಳಕಿನಿಂದ ಪರೋಕ್ಷವಾಗಿ ತಿಳಿಯುವಂತೆ, ಅನೇಕ ಪರೋಕ್ಷ ಸಾಕ್ಷ್ಯಗಳು ಒಂದೇ ಕಡೆ ಬೆರಳು ತೋರಿದಾಗ ಮಾತ್ರ ನಿರ್ಣಯಕ್ಕೆ ಬರಬೇಕು.

ನಿನ್ನೆಯ ಕೌಶಲ, ಇಂದಿನ ಕೈ

ಒಮ್ಮೆ ಅಳೆದ ಮೇಜು ನಾಳೆಯೂ ಅಷ್ಟೇ ಉದ್ದವಿರುತ್ತದೆ. ಕೌಶಲ ಹಾಗಲ್ಲ, ಬಳಸದಿದ್ದರೆ ಸವೆಯುತ್ತದೆ. ಮೇಲೆ ಹೇಳಿದ ಸಂಹಿತೆಯಲ್ಲಿ, ಒಂದು ವಿಧಾನದಿಂದ ಆರು ತಿಂಗಳ ಕಾಲ ಬೆಸುಗೆ ಮಾಡದವನ ಅರ್ಹತೆ ಮುಗಿಯುತ್ತದೆ. ಅವನು ಮತ್ತೆ ಪರೀಕ್ಷೆಗೆ ನಿಲ್ಲಬೇಕು. ಪ್ರಮಾಣಪತ್ರಕ್ಕೂ ಆಯುಸ್ಸಿದೆಯೆಂಬುದನ್ನು ಇಷ್ಟು ನೇರವಾಗಿ ಒಪ್ಪಿಕೊಂಡ ನಿಯಮಗಳು ವಿರಳ.

ಕಲಿತದ್ದು ಕೆಲಸದಲ್ಲಿ ಇಳಿಯಿತೆ ಎಂಬುದು ಮತ್ತೊಂದು ಪ್ರಶ್ನೆ. ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯ ಫಲವನ್ನು ನಾಲ್ಕು ಹಂತಗಳಲ್ಲಿ ನೋಡಬೇಕೆಂದನು: ಕಲಿತವರಿಗೆ ಅದು ಹಿಡಿಸಿತೆ, ಅವರು ಕಲಿತರೆ, ಕೆಲಸದಲ್ಲಿ ಅವರ ನಡತೆ ಬದಲಾಯಿತೆ, ಅದರಿಂದ ಪರಿಣಾಮವೇನಾಯಿತು. ಮೊದಲನೆಯದನ್ನು ಅಳೆಯುವುದು ಅತಿ ಸುಲಭ. ಒಂದು ಕಾಗದ ಹಂಚಿದರೆ ಮುಗಿಯಿತು. ಕೊನೆಯದು ಅತಿ ಕಷ್ಟ. ಸುಲಭವಾದುದನ್ನು ಅಳೆದು ಕಷ್ಟವಾದುದು ಸಿಕ್ಕಿತೆಂದು ಭಾವಿಸುವುದು, ಕತ್ತಲಲ್ಲಿ ಕಳೆದ ಉಂಗುರವನ್ನು ದೀಪದ ಕೆಳಗೆ ಹುಡುಕಿದಂತೆ.

ಮತ್ತೆ ಕಣಕ್ಕೆ

ಈಗ ಎಮ್ಮಿಗನೂರಿನ ಸೀಮೆಯ ಆ ಹಿರಿಯರಲ್ಲಿಗೆ ಮರಳೋಣ. ಸರ್ಕಾರದ ಬೆಂಬಲಬೆಲೆಯ ಖರೀದಿಯಲ್ಲಿ ಭತ್ತದ ತೇವಾಂಶ ನೂರಕ್ಕೆ 17ನ್ನು ಮೀರಬಾರದೆಂಬ ನಿಯಮವಿದೆ. ಅದನ್ನು ಅಳೆಯುವ ಯಂತ್ರಗಳಲ್ಲಿ ಒಂದು ಬಗೆಯವು ವಿದ್ಯುತ್ತಿನ ಗುಣವೊಂದನ್ನು ಆಶ್ರಯಿಸಿವೆ. ನೀರಿನ ಪರಾವೈದ್ಯುತ ಸ್ಥಿರಾಂಕ ಸುಮಾರು 80. ಒಣಗಿದ ಕಾಳಿನದು ಕೆಲವೇ ಅಂಕಗಳು. ಕಾಳಿನಲ್ಲಿ ನೀರು ಹೆಚ್ಚಿದಷ್ಟೂ ಯಂತ್ರದ ಧಾರಣಶಕ್ತಿ ಏರುತ್ತದೆ. ಈ ಯಂತ್ರವನ್ನೂ ನಂಬುವ ಮೊದಲು, ಒಲೆಯಲ್ಲಿ ಕಾಳನ್ನು ಒಣಗಿಸಿ ತೂಗಿ ತಾಳೆ ನೋಡಬೇಕು.

ವಾಚಕರೇ ಒಂದು ಪ್ರಯೋಗ ಮಾಡಿ ನೋಡಬಹುದು. ಯಂತ್ರದಿಂದ ತೇವಾಂಶ ತಿಳಿದ ಹತ್ತು ಮಾದರಿಗಳಿಗೆ ಗುಟ್ಟಾದ ಸಂಖ್ಯೆಗಳನ್ನು ಕೊಟ್ಟು, ಒಂದೊಂದೂ 17ಕ್ಕಿಂತ ಮೇಲೋ ಕೆಳಗೋ ಎಂದು ಹಿರಿಯರನ್ನು ವಿನಯದಿಂದ ಕೇಳಬೇಕು. ಬರಿಯ ಊಹೆಯಿಂದ ಹತ್ತೂ ಸರಿಯಾಗುವ ಸಂಭವ 1024ರಲ್ಲಿ ಒಂದು. ಎಂಟು ಅಥವಾ ಅದಕ್ಕೂ ಹೆಚ್ಚು ಸರಿಯಾಗುವ ಸಂಭವ 1024ರಲ್ಲಿ 56, ಅಂದರೆ ಸುಮಾರು 18ರಲ್ಲಿ ಒಂದು. ಆದುದರಿಂದ ಎಂಟಕ್ಕೇ ತೃಪ್ತರಾಗದೆ ಮತ್ತೊಂದು ದಿನ ಪರೀಕ್ಷೆಯನ್ನು ಪುನಃ ಮಾಡಬೇಕು.

ಇದು ಹಿರಿಯರಿಗೆ ಮಾಡುವ ಅವಮಾನವಲ್ಲ, ಸಲ್ಲಿಸುವ ನ್ಯಾಯ. ಶಾಲೆಯ ಮೆಟ್ಟಿಲು ಹತ್ತದೆ ಕೆಲಸ ಕಲಿತ ಎಷ್ಟೋ ಜನರು ಕಾಗದವಿಲ್ಲದ ಕಾರಣಕ್ಕೆ ಕಡಮೆ ಕೂಲಿಗೆ ದುಡಿಯುತ್ತಾರೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಇಂಥವರ ಪೂರ್ವಕಲಿಕೆಯನ್ನು ಪರೀಕ್ಷಿಸಿ ಮಾನ್ಯ ಮಾಡುವ ಏರ್ಪಾಡನ್ನು ಸೇರಿಸಿದುದು ಈ ಕಾರಣದಿಂದಲೇ. ಆದರೆ ಪತ್ರದ ಬೆಲೆ ಅದರ ಹಿಂದಿನ ಅಳತೆಯ ಬೆಲೆಗಿಂತ ಹೆಚ್ಚಾಗದು. ಅಳತೆ ಸಡಿಲವಾದರೆ ಬಲ್ಲವನೂ ಬಲ್ಲದವನೂ ಒಂದೇ ಕಾಗದ ಹಿಡಿದು ನಿಲ್ಲುತ್ತಾರೆ. ಆಗ ನಷ್ಟ ಮೊದಲು ತಟ್ಟುವುದು ಬಲ್ಲವನಿಗೇ.

ಆದ್ದರಿಂದ ಮುಂದೆ ನೀವು ಒಂದು ಪರೀಕ್ಷೆಗೆ ಕುಳಿತಾಗ, ಅಥವಾ ಒಂದು ದಿನ ಇತರರನ್ನು ಪರೀಕ್ಷಿಸಲು ಕುಳಿತಾಗ, ಮೂರು ಪ್ರಶ್ನೆಗಳನ್ನು ನೆನಪಿಡಿ. ಅಳೆಯಬೇಕಾದುದನ್ನೇ ಅಳೆಯುತ್ತಿದ್ದೇವೆಯೆ? ಇನ್ನೊಬ್ಬರು ಅಳೆದರೂ ಇದೇ ಬಂದೀತೆ? ನಾಳೆಯೂ ಇದು ನಿಂತೀತೆ? ತಕ್ಕಡಿಯನ್ನು ಮೊದಲು ತೂಗಿ ನೋಡಿದವನೇ ಧಾನ್ಯವನ್ನು ಸರಿಯಾಗಿ ತೂಗಬಲ್ಲನು.